ಲಾರಿ ಕಾಳಪ್ಪನ ಹೊಸ ಹಮಾಲ

ಕುಕನೂರಿನಲ್ಲಿ ಆಗ ಎರಡು ಸಪ್ಪಳಗಳಿಗೆ ಮಂದಿ ಬಾಗಿಲು ತೆರೆದು ನೋಡುತ್ತಿದ್ದರು. ಒಂದು ಕಾಳಪ್ಪನ ಲಾರಿಯದು. ಇನ್ನೊಂದು, ಲಾರಿ ಚಾಲೂ ಆಗದಿದ್ದಾಗ ಕಾಳಪ್ಪನದು. ಎರಡನೆಯದೇ ಹೆಚ್ಚು ದೂರ ಕೇಳಿಸುತ್ತಿತ್ತು.

ಯುದ್ಧದ ಕಾಲ. ಪೆಟ್ರೋಲು ಚೀಟಿಗೆ ಸಿಗುತ್ತಿತ್ತು, ಚೀಟಿ ದೊಡ್ಡವರಿಗೆ ಸಿಗುತ್ತಿತ್ತು. ಹಾಗಾಗಿ ಕಾಳಪ್ಪನ ಲಾರಿ ಇದ್ದಿಲಿನ ಮೇಲೆ ಓಡುತ್ತಿತ್ತು. ಪಕ್ಕಕ್ಕೆ ಆಳೆತ್ತರದ ಕಬ್ಬಿಣದ ಪೀಪಾಯಿ. ಅದರೊಳಗೆ ಇದ್ದಿಲು ಉರಿದು ಹುಟ್ಟುವ ಗ್ಯಾಸಿನಿಂದ ಇಂಜಿನ್ ನಡೆಯಬೇಕು. ಅವನ ಹೆಂಡತಿ ಹೊಳಿಯಮ್ಮ ಬೆಳಗಾಗುತ್ತಲೇ ಇದ್ದಿಲು ಒಡೆದು, ಜರಡಿ ಹಿಡಿದು, ಪುಡಿ ಬೇರೆ ತುಂಡು ಬೇರೆ ಮಾಡಿ ಪೀಪಾಯಿ ತುಂಬುತ್ತಿದ್ದಳು. ಪುಡಿ ಸೇರಿದರೆ ಏರಿನಲ್ಲಿ ಲಾರಿ ಕೆಮ್ಮಿ ನಿಂತುಬಿಡುತ್ತಿತ್ತು. ಗಂಡ ಹೆಂಡತಿ ಇಬ್ಬರ ಮೈಯೂ ಮಸಿ. “ನಮ್ಮನ್ಯಾಗ ಕನ್ನಡಿ ಬೇಕಾಗಿಲ್ರಿ,” ಎನ್ನುತ್ತಿದ್ದಳು ಹೊಳಿಯಮ್ಮ, “ಒಬ್ಬರನ್ನೊಬ್ಬರು ನೋಡಿದ್ರ ಸಾಕು.”

ಎರಡು ಜೋಡಿ ಎತ್ತು, ಗಾಡಿ, ಹೊಲದ ಒಂದು ಪಟ್ಟಿ ಮಾರಿ, ಹೊಸಪೇಟೆಯ ಗುತ್ತಿಗೆದಾರನೊಬ್ಬ ಬೇಸತ್ತು ಬಿಟ್ಟ ಲಾರಿಯನ್ನು ಕಾಳಪ್ಪ ಕೊಂಡಿದ್ದ. ಗಾಡಿ ಹೊಡೆಯುವಾಗ ಅವನು ಸಿಟ್ಟಿನ ಮನುಷ್ಯನಲ್ಲ. ಎತ್ತಿಗೆ ಪರವಾನಗಿ ಬೇಕಿರಲಿಲ್ಲ. ಲಾರಿ ಬಂದ ಮೇಲೆ ಊರೂರಿನ ಅಧಿಕಾರಿಗಳೆಲ್ಲ ಅವನಿಗೆ ಬೀಗರಾದರು. ತಹಶೀಲಿಯ ಮೇಜು ಕುರ್ಚಿ ಯಲಬುರ್ಗಿಗೆ ಹೋಗಬೇಕು, ಬಿಟ್ಟಿ. ಅಮೀನರ ಮನೆಯ ಸೌದೆ ಬರಬೇಕು, ಬಿಟ್ಟಿ. ಹರಿದ ಟಾಯರಿನೊಳಗೆ ಇನ್ನೊಂದು ಸತ್ತ ಟಾಯರಿನ ತುಂಡು ಇಟ್ಟು ಅವನು ಓಡಿಸುತ್ತಿದ್ದ. ಆ ತುಂಡು ಕೂಡ ಬಿಟ್ಟಿ ಸಿಗುತ್ತಿರಲಿಲ್ಲ. ಬಾಡಿಗೆ ಕೊಡುವವರು ನಮ್ಮಂಥ ವ್ಯಾಪಾರಸ್ಥರಷ್ಟೇ. ನಾವೂ ಚೌಕಾಸಿ ಮಾಡದೆ ಕೊಟ್ಟವರಲ್ಲ. ಮಿಲ್ಲಿನವರ ಲಾರಿಗಿಂತ ಅಗ್ಗವಾಗಿ ಬರುತ್ತಾನೆಂದೇ ನಾನು ಅವನಿಗೆ ಮಾಲು ಹಾಕುತ್ತಿದ್ದೆ. ಅವನು ಬೈದರೂ ಸೇರಿಸಿ ಅಗ್ಗವೇ ಬೀಳುತ್ತಿತ್ತು.

ಇದೆಲ್ಲ ಸೈರಿಸಬಹುದಿತ್ತು. ಸೈರಿಸಲಾಗದ್ದು ಗೌಸಬೀಯ ಸಂಗತಿ.

ಮಂದಿಯನ್ನು ಸಾಗಿಸುವ ಹಕ್ಕು ಸರಕಾರದ ಬಸ್ಸಿಗೆ ಮಾತ್ರ ಇತ್ತು. ಸರಕಿನ ಲಾರಿಯಲ್ಲಿ ಚಾಲಕ, ಸರಕಿನ ಒಡೆಯ, ಚೀಲ ಇಳಿಸಲು ಒಬ್ಬ ಹಮಾಲ, ಇಷ್ಟೇ ಜನ. ಗೌಸಬೀ ಕೊಪ್ಪಳದ ಬಳೆಗಾರ್ತಿ, ಅರವತ್ತು ದಾಟಿದವಳು. ಬೇಸಿಗೆಯ ಮಟಮಟ ಮಧ್ಯಾಹ್ನ, ಗಿಣಿಗೇರಿಯಿಂದ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದು ಬರುತ್ತಿದ್ದವಳನ್ನು ಕಾಳಪ್ಪ ಹತ್ತಿಸಿಕೊಂಡ. ಕೊಪ್ಪಳದ ಹೊರಗಿನ ನಾಕಾದಲ್ಲಿ ನಾಕೇದಾರ ಈಶಪ್ಪ ದಾರಿಗೆ ಅಡ್ಡ ಹಾಕುವ ದಂಡಿಗೆ ಇಳಿಸಿ ಲಾರಿ ತಡೆದ. ಹತ್ತು ರೂಪಾಯಿ ದಂಡ. ಪರವಾನಗಿಯ ಮೇಲೆ ಒಂದು ಕೆಂಪು ಗೀಟು. ಎರಡನೆಯ ಗೀಟು ಬಿದ್ದರೆ ಪರವಾನಗಿ ರದ್ದು. ಲಾರಿ ಮನೆಯ ಮುಂದೆ ಕೋಳಿಗೂಡು.

ಆ ದಂಡ ಹಾಕಿದ ಈಶಪ್ಪ ಹಿಂದಿನ ವಾರವಷ್ಟೇ ಅದೇ ಲಾರಿಯಲ್ಲಿ, ಅದೇ ಜಾಗದಲ್ಲಿ ಕುಳಿತು ಗಂಗಾವತಿಗೆ ಹೋಗಿ ಬಂದಿದ್ದ.

“ಅಂವಗ ಕೆಂಪು ಗೀಟು ಇಲ್ಲೇನ್ರಿ ಸಾವ್ಕಾರ್ರ?” ಕಾಳಪ್ಪ ನನ್ನ ಅಂಗಡಿಯ ಕಟ್ಟೆ ಗುದ್ದಿ ಕೇಳಿದ. “ಅಕೀ ಕುಂತ್ರ ಮಂದಿ, ಇಂವ ಕುಂತ್ರ ಸರಕೇನು?”

“ಕಟ್ಟಿ ನಂದೋ, ಕಾಳಪ್ಪ,” ಎಂದೆ. ನಾನು ವ್ಯಾಪಾರಸ್ಥ, ಸಿಟ್ಟನ್ನು ಖರ್ಚಿನ ಬಾಬತ್ತಿಗೆ ಹಾಕುವವನು. ಆದರೂ ಆ ದಿನ ನನಗೂ ಸ್ವಲ್ಪ ಸಿಟ್ಟು ಬಂತು.

ಮಾಘದಲ್ಲಿ ನನ್ನ ನಲವತ್ತು ಚೀಲ ಮೆಣಸಿನಕಾಯಿ ಗಂಗಾವತಿಗೆ ಹೊರಟಿತು. ಸರಕಿನ ಒಡೆಯನಾಗಿ ನಾನು ಮುಂದೆ ಕೂತೆ. ಹಮಾಲ ಬಾಲಪ್ಪ ಚೀಲಗಳ ಮೇಲೆ. ಕೊಪ್ಪಳ ದಾಟಿ ನಾಕಾಕ್ಕೆ ಬಂದೆವು. ದಂಡಿಗೆ ಏಳಲಿಲ್ಲ. ಈಶಪ್ಪ ಮಡಿ ಧೋತರ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಕೈಯಲ್ಲಿ ಖಾಲಿ ಚೀಲ ಹಿಡಿದು ನಿಂತಿದ್ದ. ಮನೆಗೆ ಸಣ್ಣಕ್ಕಿ ತರಬೇಕಾಗಿತ್ತು. ಪಾಳಿ ಅವನದೇ, ಆದರೆ ಜವಾನನೊಬ್ಬನನ್ನು ದಂಡಿಗೆಗೆ ಕಾವಲಿಟ್ಟು ಹೊರಟಿದ್ದ.

“ಲೇ ಕಾಳ್ಯಾ, ಸರಕೋ. ನಾನೂ ಬರ್ತೀನಿ.”

“ಜಾಗಾ ಇಲ್ರಿ. ಮೂರು ಮಂದೀಗಿಂತ ಹೆಚ್ಚಾದ್ರ ನನ್ನ ಪರವಾನಿಗಿ ಹೊಕ್ಕೈತಿ. ಕೆಂಪು ಗೀಟು ಎಳದವರು ನೀವ ಅದೀರಿ.”

“ಹಂಗಾದ್ರ ಆ ಹಮಾಲನ್ನ ಇಳಸು.”

“ಹಮಾಲನ್ನ ಇಳಿಸಿದ್ರ ಚೀಲ ಯಾರು ಇಳಸ್ತಾರ್ರಿ?”

“ಅವನ ಬದಲಿ ನಾನs ಅಂತ ತಿಳಕೋ.” ಈಶಪ್ಪ ನನ್ನ ಕಡೆ ನೋಡಿ ನಕ್ಕ. “ಏನ್ರಿ ಸಾವ್ಕಾರ್ರ, ಇಂಥಾ ಹಮಾಲ ನಿಮ್ಮ ಅಂಗಡ್ಯಾಗ ಅದಾನೇನು?”

ನಾನೂ ನಕ್ಕೆ. ನನ್ನ ಮಾಲೂ ಆ ದಂಡಿಗೆಯ ಕೆಳಗೇ ಹೋಗಬೇಕಲ್ಲ. ಕಾಳಪ್ಪ ನಗಲಿಲ್ಲ. ಹತ್ತಿಸಿಕೊಂಡರೆ, ದಾರಿಯಲ್ಲಿ ಯಾರಾದರೂ ಹಿಡಿದರೆ ಲಾರಿ ಹೋಯಿತು. ಹತ್ತಿಸಿಕೊಳ್ಳದಿದ್ದರೆ ದಂಡಿಗೆ ಏಳುವುದಿಲ್ಲ, ಇದ್ದಿಲು ನಿಂತಲ್ಲೇ ಉರಿದು ಹೋಗುತ್ತದೆ.

“ಯಾರಾದ್ರೂ ಕೇಳಿದ್ರ ಹಮಾಲ ಅಂತ ಹೇಳ್ತೀನಿ. ಆವಾಗ ಇಲ್ಲ ಅನಬ್ಯಾಡ್ರಿ.”

“ಹೇಳಪ್ಪ, ಹೇಳು. ಯಾರು ಕೇಳ್ತಾರ?”

ಬಾಲಪ್ಪ ಇಳಿದು ತನ್ನ ರೊಟ್ಟಿ ಗಂಟು ಹಿಡಿದು ಊರ ಕಡೆ ನಡೆದ. ಈಶಪ್ಪ ಕಿಟಕಿಯ ಬದಿ ಕೂತ. ಗೇರು ಹಾಕಿದಾಗಲೆಲ್ಲ ಮೊಣಕಾಲಿಗೆ ಪೆಟ್ಟು ತಿನ್ನುವ ನಡುವಿನ ಜಾಗ ನನಗೆ ಬಂತು. ದಾರಿಯುದ್ದಕ್ಕೂ ಈಶಪ್ಪ ಮಾತಾಡಿದ. ಲಾರಿ ಅಲುಗುತ್ತದೆ, ಹೊಗೆ ಬರುತ್ತದೆ, ಸೀಟಿನ ಮೊಳೆ ಚುಚ್ಚುತ್ತದೆ. ಬಿಟ್ಟಿ ಕೂತವರಿಗೆ ಸೀಟಿನ ಮೊಳೆ ಬಹಳ ಬೇಗ ಗೊತ್ತಾಗುತ್ತದೆ.

ಗಂಗಾವತಿ ಪೇಟೆಯ ಬಾಯಿಯಲ್ಲಿ ರಾಯಚೂರಿನಿಂದ ಹೊಸದಾಗಿ ಬಂದ ತಪಾಸಣೆಯ ಸಾಹೇಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈ ಎತ್ತಿದರು. ಲಾರಿ ನಿಂತಿತು. ಪರವಾನಗಿ ಬಿಚ್ಚಿ ನೋಡಿದರು. ಕೆಂಪು ಗೀಟಿನ ಮೇಲೆ ಬೆರಳಿಟ್ಟರು.

“ಒಂದು ಆಗ್ಯದ. ಇವರು ಯಾರು?”

“ಮಾಲಿನ ಧಣಿ, ಸಾಹೇಬ್ರ.”

“ಅವ?”

ಕಾಳಪ್ಪ ಈಶಪ್ಪನ ಮುಖವನ್ನೇ ನೋಡಿದ. “ಹಮಾಲ, ಸಾಹೇಬ್ರ.”

ಸಾಹೇಬರು ಎಣ್ಣೆ ಹಚ್ಚಿದ ತಲೆ ನೋಡಿದರು, ಮಡಿ ಧೋತರ ನೋಡಿದರು. “ಭಾಳ ಛಲೋ ಹಮಾಲ. ಏ, ನೀನು ಹಮಾಲ ಏನು?”

ಈಶಪ್ಪ ಖಾಲಿ ಚೀಲವನ್ನು ಕಾಲ ಕೆಳಗೆ ತುರುಕಿದ. ನಾಕೇದಾರ ಎಂದರೆ, ಪಾಳಿ ಬಿಟ್ಟು ಇಲ್ಲಿಗೇಕೆ ಬಂದೆ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಹತ್ತು ರೂಪಾಯಿ ದಂಡವಲ್ಲ, ನೌಕರಿಯೇ ಹೋಗುತ್ತದೆ. “ಹೌದು... ಜೀ,” ಎಂದ.

“ಅಚ್ಛಾ. ಇಳಸು ನೋಡೋಣ.” ಸಾಹೇಬರು ಜವಾನನಿಗೆ ಕುರ್ಚಿ ಎತ್ತಿಕೊಳ್ಳಲು ಹೇಳಿ, ಲಾರಿಯ ಹಿಂದೆಯೇ ದಲಾಲಿ ಅಂಗಡಿಗೆ ಬಂದು, ಚಹಾ ತರಿಸಿ ಕೂತರು.

ಕಾಳಪ್ಪ ಲಾರಿಯ ಮೇಲೆ ಹತ್ತಿದ. ಪೇಟೆಯ ಹಮಾಲರು ಬೀಡಿ ಹಚ್ಚಿ ಸಾಲಾಗಿ ನಿಂತರು.

“ಬಗ್ಗಪಾ.” ಮೊದಲ ಸಲ ಕಾಳಪ್ಪ ಅವನನ್ನು ಏಕವಚನದಲ್ಲಿ ಕರೆದಿದ್ದು ಅದೇ.

ಚೀಲ ಬೆನ್ನಿಗೆ ಬಿತ್ತು. ಈಶಪ್ಪ ಏಡಿಯ ಹಾಗೆ ಅಡ್ಡಡ್ಡ ನಡೆದ. ಮೆಣಸಿನ ಘಾಟು ಮೂಗಿಗೆ ಏರಿ ಸೀನಿದ. ಸೀನಿದಾಗ ಚೀಲ ಜಾರಿತು.

“ಹಿಡಿಲೇ, ಸಾವ್ಕಾರ್ರ ಮಾಲದು!” ಎಂದು ಕಾಳಪ್ಪ ಗುಡುಗಿದ. “ಹತ್ತು ರೂಪಾಯಿ ದಂಡ ಬೀಳ್ತೈತಿ!”

“ಇಂವ ಯಾವ ಊರಾಂವಲೇ?” ಎಂದ ಒಬ್ಬ ಹಮಾಲ.

“ಕೊಪ್ಪಳದ ಕಡ್ಯಾಂವ,” ಎಂದ ಕಾಳಪ್ಪ. “ಈ ಕೆಲಸಕ್ಕ ಹೊಸಬ. ಮಂದಿ ಮ್ಯಾಲ ಹೊರಿಸಿ ಗೊತ್ತು, ತಾನು ಹೊತ್ತು ಗೊತ್ತಿಲ್ಲ.”

ಹನ್ನೆರಡನೆಯ ಚೀಲಕ್ಕೆ ಈಶಪ್ಪನ ಕುತ್ತಿಗೆ ಕೆಂಪಗೆ ಬಾವು ಬಂದಿತ್ತು, ಕಣ್ಣು ಸುರಿಯುತ್ತಿತ್ತು, ಧೋತರ ಗೌಸಬೀಯ ಬಳೆಗಳಿಗಿಂತ ಹೆಚ್ಚು ಬಣ್ಣದ್ದಾಗಿತ್ತು. ಸಾಹೇಬರು ಚಹಾ ಮುಗಿಸಿ ಎದ್ದರು. “ಹಮಾಲ ಇದ್ದಾನ, ಆದ್ರೆ ಸುಮಾರು,” ಎಂದು ಪರವಾನಗಿ ಮರಳಿಸಿ ಹೋದರು. ಎರಡನೆಯ ಗೀಟು ಬೀಳಲಿಲ್ಲ.

ಅವರು ಮೂಲೆ ತಿರುಗಿದ್ದೇ ತಡ, ಈಶಪ್ಪ ಚೀಲ ಒಗೆದ. “ಲೇ ಕಾಳ್ಯಾ! ನಾಳಿ ನಾಕಾ ಹೆಂಗ ದಾಟ್ತಿ ನೋಡ್ತೀನಿ!”

ಕಾಳಪ್ಪ ಲಾರಿಯಿಂದ ಧುಮುಕಿದ. ಕೈ ಎತ್ತುತ್ತಾನೆಂದು ನಾನು ಹೆದರಿದೆ. ಎತ್ತಲಿಲ್ಲ. ಅಷ್ಟು ವರ್ಷ ಊರಿಗೆಲ್ಲ ಕೇಳಿಸಿದ ದನಿ ಅವತ್ತು ನನಗೂ ಸರಿಯಾಗಿ ಕೇಳಿಸದಷ್ಟು ಸಣ್ಣದಾಗಿತ್ತು.

“ತಡೀರಿ. ತಡೆದ್ರ ಇಲ್ಲಿಗೇ ಬಂದು ಆ ಸಾಹೇಬ್ರ ಮುಂದ ನಿಂದರ್ತೀನಿ. ನಿನ್ನ ಹಮಾಲ ಎಲ್ಲದಾನ ಅಂತ ಕೇಳ್ತಾರ. ಕೊಪ್ಪಳದ ನಾಕಾದಾಗ ದಂಡಿಗಿ ಕಾಯಾಕತ್ಯಾನ್ರಿ, ಬಂದು ನೋಡ್ರಿ ಅಂತೀನಿ.”

ಈಶಪ್ಪ ಬಾಯಿ ತೆರೆದ. ಒಂದು ಸೀನು ಬಂತು. ಖಾಲಿ ಚೀಲ ಹಿಡಿದು ಬಸ್ಸಿನ ಕಡೆ ನಡೆದ. ಉಳಿದ ಚೀಲಗಳನ್ನು ಪೇಟೆಯ ಹಮಾಲರು ಇಳಿಸಿದರು. ಅವರ ಕೂಲಿ ಯಾರು ಕೊಡಬೇಕೆಂದು ಕಾಳಪ್ಪ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. ಕೊನೆಗೆ ನಾನೇ ಕೊಟ್ಟೆ. ಅಂಥ ತಮಾಷೆ ಅಗ್ಗಕ್ಕೆ ಸಿಗುವುದಿಲ್ಲ.

ಮೂರನೆಯ ದಿನ ಮರಳುವಾಗ, ಗಿಣಿಗೇರಿ ದಾಟಿ ನಾಕಾ ಕಣ್ಣಿಗೆ ಬೀಳುವ ಹೊತ್ತಿಗೆ ಗೌಸಬೀ ಸಿಕ್ಕಳು. ಬಿಸಿಲಲ್ಲಿ, ಬುಟ್ಟಿ ಹೊತ್ತು. ಕಾಳಪ್ಪ ಲಾರಿ ನಿಲ್ಲಿಸಿದ.

“ಹತ್ತವ್ವಾ. ಹಮಾಲನ ಜಾಗಾ ಖಾಲಿ ಐತಿ. ಇವತ್ತ ಆ ನಾಕೇದಾರ ಕೇಳಂಗಿಲ್ಲ.”

“ಬ್ಯಾಡ ತಮ್ಮಾ. ಅಂವ ಕೇಳಂಗಿಲ್ಲ, ಕಾಯ್ದೆ ಕೇಳ್ತೈತಿ. ನನ್ನ ಸಲುವಾಗಿ ಒಂದು ಗೀಟು ಬಿದ್ದದ್ದs ಭಾಳ ಆತು. ನನಗ ಕಾಲು ಅದಾವ.”

“ಹತ್ತು ಅಂದ್ರ ಹತ್ತs!”

“ಒದರಬ್ಯಾಡ. ಬುಟ್ಟಿ ಒಯ್ಯಿ.” ಬುಟ್ಟಿ ಕೆಳಗಿಳಿಸಿ ಅವನ ಕೈಗೆ ಕೊಟ್ಟಳು. “ಬಳಿ ಒಡದ್ರ ಮಾತ್ರ ನಿನ್ನ ಬಿಡಂಗಿಲ್ಲ.”

ಈಶಪ್ಪ ಕುಳಿತಿದ್ದ ಕಿಟಕಿಯ ಬದಿಯಲ್ಲಿ ಬುಟ್ಟಿ ಕೂತಿತು. ನಾನು ಮತ್ತೆ ನಡುವೆ. ನಾಕಾದಲ್ಲಿ ಈಶಪ್ಪ ಕುತ್ತಿಗೆಗೆ ಅರಿಶಿಣ ಹಚ್ಚಿಕೊಂಡು ನಿಂತಿದ್ದ. ಬುಟ್ಟಿ ನೋಡಿದ, ಗುರುತು ಹಿಡಿದ, ಏನೂ ಕೇಳದೆ ದಂಡಿಗೆ ಎತ್ತಿದ.

ಕಾಳಪ್ಪ ದಂಡಿಗೆ ದಾಟಿ ಹತ್ತು ಮಾರು ಮುಂದೆ ಹೋಗಿ ಲಾರಿ ನಿಲ್ಲಿಸಿದ. ಇಂಜಿನ್ ಆರಿಸಲಿಲ್ಲ.

“ಇದ್ದಿಲು ಉರಿತೈತಲ್ಲೋ,” ಎಂದೆ.

“ಉರೀಲಿ.”

ಗೌಸಬೀ ದೂರದಲ್ಲಿ ಬೆರಳಿನಷ್ಟಾಗಿ ಕಾಣುತ್ತಿದ್ದಳು. ಕಾಳಪ್ಪ ಎರಡೂ ಕೈಯಿಂದ ಚಕ್ರ ಹಿಡಿದು, ದಾರಿಯನ್ನೂ ದಂಡಿಗೆಯನ್ನೂ ಕಾಯ್ದೆ ಬರೆದವನನ್ನೂ ಅವನ ಹಿಂದಿನ ಏಳು ತಲೆಯನ್ನೂ ಬೈಯತೊಡಗಿದ. ಅವಳು ಬಂದು ಬುಟ್ಟಿ ಇಳಿಸಿಕೊಳ್ಳುವವರೆಗೂ ಬೈದ. ನಾಕಾದಲ್ಲಿ ನಿಂತವನಿಗೆ ಪ್ರತಿಯೊಂದು ಮಾತೂ ಕೇಳಿಸುತ್ತಿತ್ತು.