ಎಣ್ಣೆ ಕಾಯಿಸಿದ ಮಾಬುಸಾಬ್ರು

ನನ್ನ ಕಾರಿನ ಎಣ್ಣೆ ಹರಿಯುವ ರಬ್ಬರ್ ಹೋಸಿನ ಮೇಲೆ ಅಂಗೈ ಇಟ್ಟು ಮಾಬುಸಾಬ್ರು ಕಣ್ಣು ಮುಚ್ಚುತ್ತಿದ್ದರು. ಮೂರು ಉಸಿರಿನಷ್ಟು ಹೊತ್ತು. ಆಮೇಲೆ, “ಅರವತ್ತು ದಾಟೈತೆ, ಎಪ್ಪತ್ತು ಆಗಿಲ್ಲ” ಅನ್ನುತ್ತಿದ್ದರು. ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಸುಮ್ಮನಿರಲಾಗಲಿಲ್ಲ. ಲ್ಯಾಬಿನ ಥರ್ಮಾಮೀಟರ್ ತಂದು ಟ್ಯಾಂಕಿಗೆ ಇಳಿಬಿಟ್ಟು ನೋಡಿದೆ. ಅರವತ್ತಾರು ಡಿಗ್ರಿ.

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಅವರ ಷೆಡ್ಡಿತ್ತು. ಉದ್ದಕ್ಕೆ ಒಣಗಿದ ಮೈ, ಕಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ತುಂಡು. ರಿಪೇರಿಗೆ ಬಂದ ಗಾಡಿಯ ಚಿತ್ರವನ್ನು ಮೊದಲು ನೆಲದ ಮೇಲೆ ಬರೆದು, ಅದರ ಸುತ್ತ ಎರಡು ಸುತ್ತು ನಡೆದು, ಆಮೇಲೆ ಸ್ಪ್ಯಾನರ್ ಮುಟ್ಟುವವರು.

ಅಪ್ಪ ಬಿಟ್ಟುಹೋದ ಹಳೇ ಡೀಸೆಲ್ ಕಾರು ನನ್ನ ಬಳಿ ಇತ್ತು. ಮಾವನ ಗಾಣದಲ್ಲಿ ತಳಕ್ಕೆ ನಿಂತ ಕಡಲೇಕಾಯಿ ಎಣ್ಣೆಯನ್ನು ಸೋಸಿ ಅದರಲ್ಲೇ ಕಾರು ಓಡಿಸಬಹುದೇ ಎಂದು ಕೇಳಿದಾಗ ಊರಿನ ಮೆಕ್ಯಾನಿಕ್ಕುಗಳೆಲ್ಲ ನಕ್ಕಿದ್ದರು. ಮಾಬುಸಾಬ್ರು ನಗಲಿಲ್ಲ. ನಾನು ಸ್ನಿಗ್ಧತೆ, ಉಷ್ಣತೆ ಅಂತೆಲ್ಲ ವಿವರಿಸತೊಡಗಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಅಂದ್ರೆ ಎಣ್ಣೆಗೆ ಸೋಮಾರಿತನ ಐತೆ. ಬಿಸಿ ಮುಟ್ಟಿಸಿದ್ರೆ ಓಡ್ತೈತೆ. ಅಷ್ಟೇ ತಾನೆ ಟೀಚರಮ್ಮ?” ಅಂದರು. ಅಷ್ಟೇ ಆಗಿತ್ತು.

ಬಿಸಿ ಎಲ್ಲಿಂದ ತರುವುದು? ಅದಕ್ಕೂ ಅವರ ಸೀಮೆಸುಣ್ಣ ಉತ್ತರ ಬರೆಯಿತು. ಇಂಜಿನ್ನನ್ನು ತಣ್ಣಗಿಡಲು ಓಡಾಡುವ ನೀರು ಹೇಗೂ ಕುದಿಯುವಷ್ಟು ಬಿಸಿಯಾಗುತ್ತದೆ. ಆ ನೀರನ್ನು ಎರಡು ಹೋಸುಗಳಲ್ಲಿ ಡಿಕ್ಕಿಯವರೆಗೆ ತಂದು, ಎಣ್ಣೆ ಟ್ಯಾಂಕಿನೊಳಗಿನ ತಾಮ್ರದ ಸುರುಳಿಯಲ್ಲಿ ಸುತ್ತಿಸಿ, ಮತ್ತೆ ಇಂಜಿನ್ನಿಗೆ ಕಳಿಸಿದರು. ಗಾಡಿ ಡೀಸೆಲ್ಲಿನಲ್ಲಿ ಹೊರಡಬೇಕು, ಎಣ್ಣೆ ಕಾದ ಮೇಲೆ ಕಾಕ್ ಎಂಬ ಪುಟ್ಟ ನಲ್ಲಿ ತಿರುಗಿಸಿ ಎಣ್ಣೆಗೆ ಬರಬೇಕು, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್ಲಿಗೆ ಹೋಗಬೇಕು. “ಪೈಪಿನಾಗೆ ಎಣ್ಣೆ ಬಿಟ್ಟು ಮಲಗಿಸಿದ್ರೆ ಬೆಳಿಗ್ಗೆ ಗಾಡಿ ಏಳಾಂಗಿಲ್ಲ” ಎಂದು ನನ್ನಿಂದ ಮೂರು ಸಲ ಹೇಳಿಸಿದ್ದರು.

ಮೊದಲ ದೂರದ ಪಯಣ ರಾಂಪುರಕ್ಕೆ. ಅವ್ವ ಎರಡು ತಿಂಗಳು ಮಗ್ಗದಲ್ಲಿ ಕೂತು ನೇಯ್ದ ಧಾರೆ ಸೀರೆಯನ್ನು ಮದುವೆ ಮನೆಗೆ ಮಧ್ಯಾಹ್ನದೊಳಗೆ ಮುಟ್ಟಿಸಬೇಕಿತ್ತು. ಬಸ್ಸಿಗೆ ಹೋಗ್ತೀನಿ ಅಂದವಳನ್ನು ನಾನೇ ಒಪ್ಪಿಸಿ ಹತ್ತಿಸಿದೆ. ಮಾಬುಸಾಬ್ರು ಚಳ್ಳಕೆರೆಯಿಂದ ಬಂದು ಮುಂದಿನ ಸೀಟಿನಲ್ಲಿ ಕೂತಿದ್ದರು. ಕಾಕ್ ತಿರುಗಿಸಿದಾಗ ಇಂಜಿನ್ನಿನ ಸದ್ದು ಮೆತ್ತಗಾಯಿತು, ಕಾರಿನ ಹಿಂದೆ ಮಿರ್ಚಿ ಕರಿದ ವಾಸನೆ. ನನಗೆ ಹಾರಿ ಹೋಗುವಷ್ಟು ಖುಷಿ.

ಅರ್ಧ ದಾರಿಯಲ್ಲಿ ಗಾಡಿ ಎಳೆಯಲಾರದೆ ಕೆಮ್ಮತೊಡಗಿತು. ಬಿಸಿಯ ಮುಳ್ಳು ಕೆಂಪಿಗೆ ಏರಿತು. ಮಾಬುಸಾಬ್ರು ಇಳಿದು ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದರು. ಒಳಗೆ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಸುರುಳಿ ಸೋರಿ ಇಂಜಿನ್ನಿನ ನೀರೆಲ್ಲ ಎಣ್ಣೆಗೆ ಸೇರಿತ್ತು.

ಅವರು ಸೀದಾ ಅವ್ವನ ಬಳಿ ಬಂದು ನಿಂತರು. “ತಪ್ಪು ನಂದೇ ಐತೆ ಅಮ್ಮ. ಟ್ಯಾಂಕಿನೊಳಗೆ ಜಾಯಿಂಟ್ ಇಡಬಾರ್ದಿತ್ತು, ಇಟ್ಟೆ. ಸೀರೆ ಹೊತ್ತಿಗೆ ಮುಟ್ಟಿಸ್ತೀನಿ.”

ತಣ್ಣಗಾಗುವವರೆಗೆ ಕಾದಿದ್ದರೆ ಮಧ್ಯಾಹ್ನ ಕಳೆಯುತ್ತಿತ್ತು. ಅವರು ಕೈಗೆ ಒದ್ದೆ ಗೋಣಿಚೀಲ ಸುತ್ತಿಕೊಂಡು ಬಿಸಿ ಹೋಸುಗಳನ್ನು ಕಿತ್ತರು. ಉಳಿದಿದ್ದ ಕುದಿನೀರು ಚಿಮ್ಮಿ ಎಡಗೈ ಮೇಲೆ ಬಿತ್ತು. ನೀರು ಡಿಕ್ಕಿಗೆ ಹೋಗದೆ ಅಲ್ಲೇ ತಿರುಗಿ ಇಂಜಿನ್ನಿಗೆ ಮರಳುವಂತೆ ಎರಡು ಹೋಸಿನ ಬಾಯಿಗೂ ಒಂದು ಗೇಣು ಪೈಪು ಸೇರಿಸಿ ಕ್ಲಿಪ್ ಬಿಗಿದರು. ನಾವು ಕುಡಿಯಲು ತಂದಿದ್ದ ನೀರನ್ನೆಲ್ಲ ಸ್ವಲ್ಪ ಸ್ವಲ್ಪವೇ ರೇಡಿಯೇಟರಿಗೆ ಹುಯ್ದು, ಡೀಸೆಲ್ಲಿನಲ್ಲೇ ಹೊರಡಿಸಿದರು.

“ಚೆಯ್ಯಿ ಕಾಲಿಂದಾ ನಾಯನಾ?” ಎಂದು ಅವ್ವ ತನ್ನ ತೆಲುಗಿನಲ್ಲಿ ಕೈ ಸುಟ್ಟಿತೇ ಎಂದು ಕೇಳಿದಳು. ಅವರು ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು, “ಸೀರೆಗೆ ಗ್ರೀಸ್ ತಾಗಿಲ್ಲ ತಾನೆ ಅಮ್ಮ?” ಎಂದು ತಿರುಗಿ ಕೇಳಿದರು. ತಾಗಿರಲಿಲ್ಲ. ಮದುಮಗಳ ತಾಯಿ ಸೀರೆ ಬಿಡಿಸಿ ನೋಡುವಾಗ ಊಟದ ಎಲೆ ಇನ್ನೂ ಹಾಕಿರಲಿಲ್ಲ.

ವಾರದ ನಂತರ ಷೆಡ್ಡಿಗೆ ಕರೆಸಿಕೊಂಡರು. ನನ್ನೊಂದಿಗೆ ಅವ್ವನೂ ಬಂದಳು. ಎಡಗೈಗೆ ಬಟ್ಟೆ ಸುತ್ತಿದ್ದ ಮಾಬುಸಾಬ್ರು ನಮ್ಮೆದುರೇ ಟ್ಯಾಂಕನ್ನು ಕೊಯ್ದು ಸುರುಳಿ ಹೊರತೆಗೆದರು. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು. “ನಾ ಹೇಳಿದ್ದು ನಂಬಬ್ಯಾಡ್ರಿ. ಕಣ್ಣಾರೆ ನೋಡ್ರಿ” ಅಂದರು. ನೋಡದಿದ್ದರೆ ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಆವತ್ತು ಅವರು ಎಣ್ಣೆಯದೇ ದೋಷ ಎಂದಿದ್ದರೂ ನಂಬುತ್ತಿದ್ದೆ.

ಆಮೇಲೆ ಒಂದೇ ಉದ್ದದ ತಾಮ್ರದ ಪೈಪಿಗೆ ಒಣ ಮರಳು ತುಂಬಿ, ಎರಡು ತುದಿಗೂ ಬಿರಡೆ ಹೊಡೆದು, ದಪ್ಪ ಕೊಳವೆಯೊಂದರ ಮೇಲೆ ಸುತ್ತತೊಡಗಿದರು. ಒಳಗೆ ಮರಳಿದ್ದುದರಿಂದ ತಾಮ್ರ ಎಲ್ಲೂ ಚಪ್ಪಟೆಯಾಗಲಿಲ್ಲ. ಹನ್ನೊಂದು ಸುತ್ತು, ಸುತ್ತಿನಿಂದ ಸುತ್ತಿಗೆ ಒಂದು ಬೆರಳಿನ ಅಂತರ, ಒಂದೂ ಜಾಯಿಂಟ್ ಇಲ್ಲ. ಅದನ್ನು ಅವರು ಮಾಡಿದ್ದು ಬಲಗೈ ಮತ್ತು ಎಡ ಮೊಣಕೈಯಿಂದ. ದಿನವೂ ಪಾಠದಲ್ಲಿ ಬರೆಸುವ ಉಷ್ಣ ಎಂಬ ಪದಕ್ಕೆ ಇಷ್ಟು ಶ್ರದ್ಧೆ ಬೇಕೆಂದು ನನಗೆ ತಿಳಿದಿರಲಿಲ್ಲ. ವಾಪಸು ಬರುವಾಗ ಅವ್ವ, “ಕೆಟ್ಟಿದ್ದನ್ನ ಮುಚ್ಚಿ ನೇಯೋರು ಬಾಳ ಜನ ಅವ್ರೆ. ಬಿಚ್ಚಿ ತೋರ್ಸೋನು ಇವನೊಬ್ನೇ” ಅಂದಳು. ಎಪ್ಪತ್ತು ದಾಟಿದ ಅವ್ವ ಹಾಗೆ ಇನ್ನೊಬ್ಬರನ್ನು ಹೊಗಳಿದ್ದು ನಾನು ಕೇಳಿರಲಿಲ್ಲ.

ಆ ಸುರುಳಿ ಮತ್ತೆ ಸೋರಲಿಲ್ಲ. ಹೋಸುಗಳು ಮಾತ್ರ ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತವೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹೋದ ಸಲ ಹೋದಾಗ ಮಾಬುಸಾಬ್ರು ಸ್ಟೂಲಿನ ಮೇಲೆ ಕೂತಿದ್ದರು, ಮಾತಿಗೂ ಉಸಿರು ಸಾಲುತ್ತಿರಲಿಲ್ಲ. ಸ್ಪ್ಯಾನರನ್ನು ನನ್ನ ಕಡೆ ಚಾಚಿದರು.

“ನನ್ನಿಂದ ಆಗ್ತೈತಾ ಸಾಬ್ರೆ?”

“ಇಷ್ಟು ದಿನ ನೋಡಿದ್ದೇನಕ್ಕೆ?”

ಕಾರಿನಡಿ ಮಲಗಿ ಕ್ಲಿಪ್ ಬಿಗಿದೆ. ಸದ್ದು ಕೇಳಿಯೇ, “ಓರೆ ಕೂತೈತೆ, ಬಿಚ್ರಿ” ಅಂದರು. ಎರಡನೇ ಸಲವೂ ಬಿಚ್ಚಿಸಿದರು. ಮೂರನೇ ಸಲ ಬಿಚ್ಚಿಸದೆ ಎದ್ದುಹೋಗಿ, ನನಗೆ ಕೈ ತೊಳೆಯಲು ಒಂದು ಚೊಂಬು ನೀರು, ಸೋಪಿನ ಪುಡಿ ತಂದಿಟ್ಟರು.

ಆ ವರ್ಷದ ರಂಜಾನಿಗೆ ಮುಂಚೆಯೇ ಹೋಗಿಬಿಟ್ಟರು. ಸುದ್ದಿ ನನಗೆ ಮುಟ್ಟುವಾಗ ಮಣ್ಣು ಮುಗಿದಿತ್ತು. ಮೊನ್ನೆ ನಾನೊಬ್ಬಳೇ ಹೋಸು ಬದಲಿಸಿದೆ. ಮೊದಲ ಸಲಕ್ಕೇ ಕ್ಲಿಪ್ ನೆಟ್ಟಗೆ ಕೂತಿತು, ಒಂದು ಹನಿ ಸೋರಲಿಲ್ಲ. ಹೇಳಬೇಕೆನ್ನಿಸಿ ಅದೇ ಕಾರಿನಲ್ಲಿ ಚಳ್ಳಕೆರೆಗೆ ಹೋದೆ. ಬೀಗ ಹಾಕಿದ್ದ ಷೆಡ್ಡಿನ ಮುಂದೆ ಇಂಜಿನ್ ಆರಿಸದೆ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.