ಬಿತ್ತನೆ ಕಾಯಿ, ಅಮ್ಮನ ಬಲಗೈ

ಅಮ್ಮನಿಗೆ ಲಕ್ವ ಹೊಡೆದದ್ದು ಬಲಗಡೆಗೆ. ಕಾಲು ಬೇಗನೆ ದಾರಿಗೆ ಬಂತು, ಕೈ ಮಾತ್ರ ಮಡಿಲಲ್ಲಿ ಬಿದ್ದೇ ಇತ್ತು. ಎಡಗೈ ಗಟ್ಟಿಯಾಗಿತ್ತು. ಆದರೆ ಅದರಲ್ಲಿ ಉಣ್ಣಲು ಅಮ್ಮ ಸುತರಾಂ ಒಪ್ಪಲಿಲ್ಲ. "ತೊಳ್ಕೊಳೋ ಕೈಯಾಗೆ ಮುದ್ದೆ ಮುಟ್ತೀನೇನ್ಲಾ?" ಎಂದಳು. ಹಾಗಾಗಿ ಹಿಂದೂಪುರದ ಮನೆಯಲ್ಲಿ ಎರಡು ಹೊತ್ತೂ ನಾನು ಮಗ್ಗದಿಂದ ಎದ್ದು ಬಂದು ತುತ್ತು ತಿನ್ನಿಸುತ್ತಿದ್ದೆ. ಆಗ ಅವಳು ಗೋಡೆ ನೋಡುತ್ತಿದ್ದಳೇ ಹೊರತು ನನ್ನ ಮುಖ ನೋಡುತ್ತಿರಲಿಲ್ಲ. ಅದು ನನಗೆ ಬಹಳ ಸಂಕಟ ಕೊಡುತ್ತಿತ್ತು.

"ಕೈಗೇನೂ ಆಗಿಲ್ಲಪ್ಪ, ಮೆದುಳಿಂದ ಕೈಗೆ ಬರೋ ದಾರಿ ಮುಚ್ಚಿದೆ," ಎಂದರು ಡಾಕ್ಟರು. "ಬಲಗೈಲೇ ಕೆಲಸ ಮಾಡಿಸ್ತಿದ್ರೆ ಮೆದುಳು ಬೇರೆ ದಾರಿ ಮಾಡ್ಕೊಳ್ಳುತ್ತೆ. ನೀವು ಸಹಾಯಕ್ಕೆ ಹೋಗಬೇಡಿ." ಹಿಸುಕಲು ಒಂದು ರಬ್ಬರ್ ಚೆಂಡನ್ನೂ ಕೊಟ್ಟರು. ಚೆಂಡಾಟ ಆಡುವ ವಯಸ್ಸೇನು ತನ್ನದು ಎಂದು ಅಮ್ಮ ಅದನ್ನು ಅಟ್ಟಕ್ಕೆ ಹಾಕಿಸಿದಳು.

ಕೆಲಸ ಅಂದರೆ ಕೆಲಸವೇ ಆಗಬೇಕು ಅವಳಿಗೆ. ಅದಕ್ಕೆ ಅವಳನ್ನು ಕರೆದುಕೊಂಡು ಕಲ್ಯಾಣದುರ್ಗದ ಸೋದರಮಾವನ ಮನೆಗೆ ಬಸ್ಸು ಹತ್ತಿದೆ. ಮಾವ ಮಗ್ಗ ಬಿಟ್ಟು ಕಡಲೆಕಾಯಿ ಬೆಳೆಯುತ್ತಿದ್ದ. ಬಿತ್ತನೆ ಹತ್ತಿರ ಬಂದಿತ್ತು. ಮೆಷಿನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆಂದು ಮನೆಮಂದಿಯೆಲ್ಲ ರಾಶಿಯ ಸುತ್ತ ಕೂತು ಕೈಯಲ್ಲೇ ಸುಲಿಯುತ್ತಿದ್ದರು. ಬಿತ್ತುವವರೆಗೆ ಆ ಬೀಜ ಯಾರೂ ಬಾಯಿಗೆ ಹಾಕುವಂತಿಲ್ಲ. ಚಿಕ್ಕಂದಿನಲ್ಲಿ ನಾವು ಕದ್ದು ತಿಂದರೆ ಅಮ್ಮನ ಗೆಣ್ಣು ನಮ್ಮ ತಲೆಯ ಮೇಲೆ ಟಣ್ಣೆನ್ನುತ್ತಿತ್ತು.

"ಪರ್ವಾಲೇದು ವದಿನ, ಎಷ್ಟಾದ್ರೆ ಅಷ್ಟು ಒಡಿ," ಎಂದು ತೆಲುಗು ಬೆರೆಸಿ ಅತ್ತಿಗೆಗೆ ಧೈರ್ಯ ಹೇಳುತ್ತ ಅತ್ತೆ ಒಂದು ಮೊರ ಕಾಯಿ ಮುಂದಿಟ್ಟಳು. ಅಮ್ಮ ಎಡಗೈಯಲ್ಲಿ ಕಾಯಿ ಹಿಡಿದು ಬಲಗೈ ಹೆಬ್ಬೆರಳು ಒತ್ತಿದಳು. ಬೆರಳು ಜಾರಿತು. ಮೊದಮೊದಲು ಬೆಳಗ್ಗೆಯಿಂದ ಸಂಜೆಯವರೆಗೆ ಕೂತರೂ ಒಂದು ಹಿಡಿ ಬೀಜ ಆಗುತ್ತಿರಲಿಲ್ಲ. ತಡೆಯಲಾರದೆ ನಾನು ಸುಲಿದದ್ದನ್ನು ಅವಳ ಗುಡ್ಡೆಗೆ ಸರಿಸಿದರೆ, "ನಿನ್ನ ಧರ್ಮದ ಬೀಜ ನಂಗ್ಬ್ಯಾಡ ಕಣ್ಲಾ," ಎಂದು ವಾಪಸು ತಳ್ಳುತ್ತಿದ್ದಳು. ಹಟಮಾರಿ ಹೆಂಗಸು. ಬರಬರುತ್ತಾ ಕಾಯಿ ಚಟಚಟ ಒಡೆಯತೊಡಗಿದವು, ಆದರೆ ಕೈ ಭುಜದ ಮಟ್ಟಕ್ಕೆ ಏಳುತ್ತಿರಲಿಲ್ಲ. ಊಟದ ಹೊತ್ತಿಗೆ ಮತ್ತೆ ನನ್ನ ತುತ್ತು, ಮತ್ತೆ ಗೋಡೆ.

ಒಂದು ಮಧ್ಯಾಹ್ನ ಮಾವನ ಜೊತೆ ಹರಟುತ್ತ ಮೈಮರೆತು ಎರಡು ಬೀಜ ಬಾಯಿಗೆ ಎಸೆದುಕೊಂಡೆ. ತಲೆಯ ಮೇಲೆ ಟಣ್ ಎಂದಿತು.

"ಬಿತ್ನೆ ಬೀಜ ಕಣ್ಲಾ ಅದು!"

ಎಲ್ಲರ ಕೈಯೂ ನಿಂತಿತು. ಅಮ್ಮನ ಎಡಗೈಯಲ್ಲಿ ಒಡೆಯದ ಕಾಯಿ ಹಾಗೇ ಇತ್ತು. ಮೊಟಕಿದ್ದು ಬಲಗೈ. ಅವಳೂ ಅದನ್ನೇ ನೋಡುತ್ತಿದ್ದಳು. ನಾನು ತಲೆ ಉಜ್ಜಿಕೊಳ್ಳುತ್ತ ನಕ್ಕೆ, ಕಣ್ಣಲ್ಲಿ ನೀರು ಬಂತು.

"ಇನ್ನೊಂದು ಕೊಡಕ್ಕ, ಬುದ್ಧಿ ಬರ್ಲಿ ಅವ್ನಿಗೆ," ಎಂದ ಮಾವ.

ಅಮ್ಮ ನಗಲಿಲ್ಲ. "ಮುದ್ದೆ ಆಯ್ತಾ?" ಎಂದು ಅತ್ತೆಯನ್ನು ಕೇಳಿದಳು. "ತಟ್ಟೆ ನನ್ ಮುಂದಿಡು. ಇವ್ನು ಅವನ ಪಾಡಿಗೆ ಉಣ್ಲಿ."

ಅರ್ಧ ಸಾರು ಸೀರೆಯ ಮೇಲೆ ಚೆಲ್ಲಿತು. ಮಿಕ್ಕಿದ್ದನ್ನು ತನ್ನ ಬಲಗೈಯಲ್ಲೇ ಉಣ್ಣುತ್ತ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.