ಶೋಭಕ್ಕನ ಕಂಪ್ಯೂಟರ್ ಬಿಸಿಯಾದದ್ದು

'ಅ' ಒತ್ತಿದರೆ ಪರದೆಯ ಮೇಲೆ 'ಅ' ಮೂಡಲು ನಾಲ್ಕು ಸೆಕೆಂಡು. ಗೋಡೆ ಗಡಿಯಾರ ನೋಡಿಕೊಂಡು ಮೂರು ಸಲ ಎಣಿಸಿದೆ. ನಾಲ್ಕೇ.

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಶೋಭಕ್ಕನದೊಂದು ಸಣ್ಣ ಅಂಗಡಿ. ಜೆರಾಕ್ಸು, ಆನ್‌ಲೈನ್ ಅರ್ಜಿ, ಪಹಣಿ. ಇರುವುದು ಒಂದೇ ಕಂಪ್ಯೂಟರು, ಅದೂ ಹಳೆಯದು. ಹಗುರವಾಗಿ ಓಡಲಿ ಎಂದು ಅದಕ್ಕೆ ಲಿನಕ್ಸ್ ಹಾಕಿಕೊಟ್ಟವಳು ನಾನು. ಹಾಗಾಗಿ ಅದಕ್ಕೆ ಕಾಯಿಲೆ ಬಂದರೆ ಫೋನು ಬರುವುದು ನನಗೇ.

ಮೊನ್ನೆ ಹೋದಾಗ ಶೋಭಕ್ಕನ ಅಣ್ಣ ಮಂಜಣ್ಣನೂ ಅಲ್ಲಿದ್ದರು. ಅಂಗಡಿಯ ಕೋಣೆ ಅವರದು.

"ಇವಳ ಕೈಗೆ ಮಿಷನ್ನು ಸಿಕ್ಕಿದ್ರೆ ಉಳಿಯಲ್ಲ ಮಾರಾಯ್ತಿ. ಮೊದ್ಲು ಮಿಕ್ಸಿ ಸುಟ್ಲು, ಈಗ ಇದು. ಮೊಬೈಲ್ ರಿಪೇರಿಯವ್ರು ಜಾಗ ಕೇಳ್ತಾ ಇದಾರೆ, ಕೊಟ್ಬಿಡ್ತೀನಿ."

"ಮಿಕ್ಸಿ ಸುಟ್ಟಿದ್ದು ಅತ್ತಿಗೆ," ಎಂದರು ಶೋಭಕ್ಕ, ಮೆಲ್ಲಗೆ.

ಹನ್ನೆರಡು ವರ್ಷದಿಂದ ಆ ಮೇಜಿನ ಹಿಂದೆ ಕೂತವರು. ಅದು ಹೋದರೆ? ಅತ್ತಿಗೆಯ ಅಡುಗೆಮನೆಯಲ್ಲಿ ಎರಡನೇ ಆಳು. (ಇದು ನನ್ನ ಮಾತಲ್ಲ, ಅವರೇ ಒಮ್ಮೆ ಹೇಳಿದ್ದು.)

ಕರ್ನಲ್ಲಿನ ದಾಖಲೆ ತೆರೆದೆ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳು. ಯಂತ್ರದೊಂದಿಗೆ ನೇರ ಮಾತಾಡುವುದು ಅದೇ, ಆದದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಡುವುದೂ ಅದೇ. ಪುಟ ತುಂಬ ಒಂದೇ ದೂರು: ಪ್ರೊಸೆಸರ್ ಮಿತಿ ಮೀರಿ ಬಿಸಿಯಾಗಿದೆ, ವೇಗ ಇಳಿಸಲಾಗಿದೆ. ಸುಟ್ಟುಹೋಗುವ ಬದಲು ಪಾಪ, ನಿಧಾನ ಮಾಡುತ್ತಿತ್ತು. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ.

ಮೇಜಿನ ಕೆಳಗಿನ ಕಪಾಟಿನ ಬಾಗಿಲು ತೆಗೆದೆ. ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಫ್ಯಾನು ತಿರುಗುತ್ತಿತ್ತು. ಧೂಳಿರಲಿಲ್ಲ. ಕಂಪ್ಯೂಟರಿನ ಪಕ್ಕದಲ್ಲೇ ಒಂದು ಬಲ್ಬು ಹಳದಿಯಾಗಿ ಉರಿಯುತ್ತಿತ್ತು!

"ಇದೆಂತ ಶೋಭಕ್ಕ?"

"ಬೂಷ್ಟು ಹಿಡಿಬಾರ್ದು ಅಂತ ಕಣೇ. ಮಳೆಗಾಲದಲ್ಲಿ ಬಟ್ಟೆ ಬೀರುವಲ್ಲಿ ಬಲ್ಬು ಇಡಲ್ವಾ, ಹಂಗೇ. ತೆಗೆಯೋದು ಮರ್ತೇ ಹೋಯ್ತು."

ನಮ್ಮ ಕಡೆ ರೇಷ್ಮೆ ಸೀರೆಗೂ ಕ್ಯಾಮೆರಾಕ್ಕೂ ಬಲ್ಬಿನ ಕಾವು ಕೊಡುವುದು ಹೊಸದೇನಲ್ಲ. ಆದರೆ ಇದು ಮಾರ್ಚ್.

ಮಂಜಣ್ಣ ಬಿದ್ದು ಬಿದ್ದು ನಕ್ಕರು. "ಕಂಪ್ಯೂಟರಿಗೆ ಬಾಣಂತನ ಮಾಡ್ತಿದ್ಲು ಇವಳು!" ಜೆರಾಕ್ಸಿಗೆ ಬಂದವರೂ ನಕ್ಕರು. ನಾನೂ ನಕ್ಕೆ. ಶೋಭಕ್ಕ ಬಲ್ಬಿನ ಪ್ಲಗ್ ಕಿತ್ತು ವೈರು ಸುತ್ತಿದರು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದರು.

ಅರ್ಧ ಗಂಟೆಯಲ್ಲಿ ಯಂತ್ರ ಸರಿಹೋಯಿತು. "ಆದ್ರೂ ಇವಳನ್ನ ನಂಬಕ್ಕಾಗಲ್ಲ. ನಾಳೆ ಬೆಳಿಗ್ಗೆ ಮೊಬೈಲಿನವ್ರು ಜಾಗ ನೋಡಕ್ಕೆ ಬರ್ತಾರೆ," ಎನ್ನುತ್ತ ಮಂಜಣ್ಣ ಎದ್ದರು.

ನಾನೂ ಬ್ಯಾಗು ಹೆಗಲಿಗೇರಿಸಿ ಹೊರಟೆ. ಹೇಳಬೇಕಾದ್ದು ಇತ್ತು.

ಕರ್ನಲ್ಲಿನ ಆ ದೂರು ಮೊದಲು ಬಂದದ್ದು ಕಳೆದ ಆಷಾಢದಲ್ಲಿ. ಕಂಪ್ಯೂಟರ್ ಶುರುವಾಗುವಾಗ ಎರಡು ಮೂರು ಸಾಲು ಇಂಗ್ಲಿಷು ಕಾಣಿಸುತ್ತದೆ, ಹೆದರಿಕೆಯಾಗುತ್ತದೆ ಎಂದು ಶೋಭಕ್ಕ ಆಗಲೇ ಫೋನು ಮಾಡಿದ್ದರು. ಹೋದೆ. ಓದಿದೆ. ಅರ್ಥವೂ ಆಯಿತು. ಕಪಾಟು ಮಾತ್ರ ತೆರೆಯಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. (ಎಲ್ಲಿಗೆ ಎಂಬುದು ಇಲ್ಲಿ ಬೇಡ.) ಎಚ್ಚರಿಕೆಗಳು ಪರದೆಗೆ ಬಾರದಂತೆ ಸೆಟ್ಟಿಂಗಿನಲ್ಲಿ ಒಂದು ಪದ ಸೇರಿಸಿ, "ಸರಿಯಾಯ್ತು ಶೋಭಕ್ಕ" ಅಂದೆ. ಅವರು ಕಾಫಿ ಕೊಟ್ಟರು. ಕುಡಿದೆ.

ದೂರಿನ ಬಾಯಿ ಮುಚ್ಚಿಸಿ ಕಾಯಿಲೆ ವಾಸಿಯಾಯಿತು ಎನ್ನುವುದನ್ನು ನಾವು ಎಷ್ಟು ಕಡೆ ಮಾಡುತ್ತೇವೆ? ಬೈಕಿನ ಮೀಟರಿನಲ್ಲಿ ಕೆಂಪು ದೀಪ ಹತ್ತಿದರೆ ಅದರ ಮೇಲೊಂದು ಸ್ಟಿಕ್ಕರು. (ಎನ್.ಆರ್. ಪುರದಲ್ಲಿ ಕಣ್ಣಾರೆ ಕಂಡಿದ್ದೇನೆ.) ಮನೆಯಲ್ಲಿ ಯಾರೋ ಸುಸ್ತು ಎಂದರೆ, "ಎಂತ ಆಗಲ್ಲ, ಸುಮ್ನಿರು." ಅವರು ಸುಮ್ಮನಾಗುತ್ತಾರೆ. ಸುಸ್ತು?

ಶೋಭಕ್ಕ ಬಲ್ಬು ತೆಗೆಯಲು ಮರೆತರು. ನಾನು ತಿಳಿದೂ ಮುಚ್ಚಿಟ್ಟೆ. ಎಲ್ಲರೂ ನಕ್ಕದ್ದು ಅವರನ್ನು ನೋಡಿ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಕೊಪ್ಪಕ್ಕೆ ಹೋದೆ. ಮೊಬೈಲಿನವರು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು, ಮಂಜಣ್ಣ ಪಕ್ಕದಲ್ಲಿ ನಿಂತಿದ್ದರು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ಮಂಜಣ್ಣ, ಎಂಟು ತಿಂಗಳ ಹಿಂದೆಯೇ ಶೋಭಕ್ಕ ಇದನ್ನ ಗಮನಿಸಿ ನನ್ನ ಕರೆದಿದ್ರು. ಕಾರಣ ಹುಡುಕದೆ ಎಚ್ಚರಿಕೆ ಮುಚ್ಚಿಟ್ಟು ಹೋದವಳು ನಾನು. ನಗಾಡೋದಾದ್ರೆ ನನ್ನ ನೋಡಿ ನಗಾಡಿ."